ಶಿಶುನಿದ್ರೆ: ರಾತ್ರಿ ಮಲಗಿಸುವ ಪದ್ಧತಿಗಳ ಇತಿಹಾಸ

ಹಸುಗೂಸಿನ ನಿದ್ರೆಗೆ ಹಗಲು ರಾತ್ರಿಯೆಂಬ ಭೇದವಿಲ್ಲ. ಮೊದಲ ಮೂರು ತಿಂಗಳಲ್ಲಿ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಆದರೆ ಹೊಟ್ಟೆ ಚಿಕ್ಕದು, ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳಲೇಬೇಕು. ಕತ್ತಲಾದಾಗ ನಿದ್ರೆಗೆ ಅಣಿಮಾಡುವ ಮೆಲಟೋನಿನ್ ಹಾರ್ಮೋನು ಒಂದು ಲಯಕ್ಕೆ ಬರಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಆಮೇಲೂ ನಿದ್ರೆಯ ಒಂದು ಸುತ್ತು ಮುಗಿದಾಗಲೆಲ್ಲ ಮಗುವಿಗೆ ಅರೆ ಎಚ್ಚರವಾಗುವುದುಂಟು. ಈ ದೇಹಧರ್ಮ ಬದಲಾದದ್ದಿಲ್ಲ. ಬದಲಾದದ್ದು ದೊಡ್ಡವರ ರಾತ್ರಿ: ಅವರ ಮನೆ, ದುಡಿಮೆ, ಗಡಿಯಾರ. ಮಗುವನ್ನು ಮಲಗಿಸುವ ಉಪದೇಶಗಳು ಬಹುಪಾಲು ಅದನ್ನೇ ಹಿಂಬಾಲಿಸಿವೆ.

ಅಳುವ ಕೂಸನ್ನು ಸುಮ್ಮನಾಗಿಸುವ ಅತಿ ಹಳೆಯ ಬರಹಗಳಲ್ಲೊಂದು ಬ್ಯಾಬಿಲೋನಿಯಾದ್ದು. ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಜೇಡಿಮಣ್ಣಿನ ಫಲಕದಲ್ಲಿದೆ. ಮಗುವಿನ ಅಳುವಿಗೆ ಮನೆಯ ದೇವರಿಗೇ ನಿದ್ರಾಭಂಗವಾಗಿದೆ ಎಂಬುದು ಅದರ ದೂರು. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ‘ಲಾಸ್’ ಗ್ರಂಥದಲ್ಲಿ, ತಾಯಂದಿರು ಮಗುವನ್ನು ಮಲಗಿಸುವುದು ಅಲುಗಾಡದೆ ಇಟ್ಟಲ್ಲ, ತೂಗಿ ಮತ್ತು ಹಾಡಿ ಎಂದು ಗಮನಿಸಿದ. ರೋಮನ್ ಕಾಲದ ವೈದ್ಯ ಗೇಲನ್ ದಾದಿಯರ ಅನುಭವದಿಂದ ಮೂರು ಉಪಾಯಗಳನ್ನು ಎತ್ತಿಕೊಂಡ: ಮೊಲೆಯೂಡುವುದು, ಹಿತವಾಗಿ ತೂಗುವುದು, ಹಾಡುವುದು. ಅವನಿಗಿಂತ ಮುಂಚಿನ ವೈದ್ಯ ಸೊರೇನಸ್, ದಾದಿ ಮಗುವನ್ನು ತನ್ನ ಮಗ್ಗುಲಲ್ಲಿ ಮಲಗಿಸಿಕೊಂಡರೆ ಹೊರಳುವಾಗ ಉಸಿರುಗಟ್ಟೀತು, ತೊಟ್ಟಿಲನ್ನು ಹಾಸಿಗೆಯ ಪಕ್ಕಕ್ಕಿಟ್ಟುಕೊಳ್ಳುವುದು ಮೇಲು ಎಂದ. ಇಂದಿನ ವೈದ್ಯರ ಸಲಹೆಯೂ ಹೆಚ್ಚುಕಡಿಮೆ ಇದೇ.

ಭಾರತದ ವೈದ್ಯಗ್ರಂಥಗಳು ಹಾಸಿಗೆ ಮತ್ತು ಭಯ ಎರಡರ ಬಗ್ಗೆಯೂ ಎಚ್ಚರ ವಹಿಸಿವೆ. ಚರಕಸಂಹಿತೆಯ ಶಾರೀರಸ್ಥಾನದ ಪ್ರಕಾರ ಮಗುವಿನ ಹಾಸು ಹೊದಿಕೆ ಮೆತ್ತಗೆ, ಹಗುರಾಗಿ, ಶುಚಿಯಾಗಿರಬೇಕು. ಬೆವರು, ಮಲಮೂತ್ರ, ಹುಳುಹುಪ್ಪಟೆ ಹತ್ತಿದ ಬಟ್ಟೆ ಕೂಡದು. ಬೇರೆ ಬಟ್ಟೆಗೆ ಅನುಕೂಲವಿಲ್ಲದಿದ್ದರೆ ಅವನ್ನೇ ಚೆನ್ನಾಗಿ ಒಗೆದು, ಧೂಪ ಹಾಕಿ, ಒಣಗಿಸಿ ಬಳಸಬಹುದು. ಬಡವರ ಮನೆಯನ್ನೂ ನೆನಪಿಟ್ಟುಕೊಂಡ ಮಾತಿದು. ಅಳುವ, ಉಣ್ಣದ ಮಗುವನ್ನು ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದು ಎಂದೂ ಅಲ್ಲಿದೆ. ಮಲಗಿದ ಮಗುವನ್ನು ಥಟ್ಟನೆ ಎಬ್ಬಿಸಬಾರದೆಂದು ಸುಶ್ರುತಸಂಹಿತೆ ಹೇಳುತ್ತದೆ. ಗುಮ್ಮನನ್ನು ಕರೆದು ಮಲಗಿಸುವ ಅಭ್ಯಾಸ ಇದನ್ನೆಲ್ಲ ದಾಟಿ ಉಳಿದುಕೊಂಡಿತು.

ಕರ್ನಾಟಕದ ಮನೆಗಳಲ್ಲಿ ಮಲಗಿಸುವ ಕೆಲಸ ಎಣ್ಣೆನೀರಿನಿಂದಲೇ ಶುರುವಾಗುತ್ತಿತ್ತು. ನೀರು ಹಾಕುವ ಅಜ್ಜಿ ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿ, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವಳು. ಸಾಂಬ್ರಾಣಿ ಹೊಗೆ ಹಿಡಿದು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಮೇಲೆ ಮಗುವಿಗೆ ಗಾಢ ನಿದ್ರೆ. ಉಳ್ಳವರಲ್ಲಿ ಮರದ ತೊಟ್ಟಿಲು. ಧಾರವಾಡ ಜಿಲ್ಲೆಯ ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲುಗಳು, ರಾಮಾಯಣ ಮಹಾಭಾರತದ ಚಿತ್ರಗಳಿಂದ ಹೆಸರುವಾಸಿ. ಉಳಿದವರಿಗೆ ಜೋಲಿ: ಹಳೆಯ ಸೀರೆಯನ್ನು ತೊಲೆಗೆ ಗಂಟು ಹಾಕಿದರಾಯಿತು, ಹೊಲದಲ್ಲಾದರೆ ಮರದ ಕೊಂಬೆಗೆ. ಅದಕ್ಕೊಂದು ಹಗ್ಗ ಕಟ್ಟಿ, ತುದಿಯನ್ನು ಕಾಲಿಗೆ ಸಿಕ್ಕಿಸಿಕೊಂಡು ತಾಯಿ ಕೈಗೆಲಸ ಮುಂದುವರಿಸುವಳು. ಹರಿದಾಸರ ಕೀರ್ತನೆಗಳಲ್ಲೂ ಜನಪದ ತ್ರಿಪದಿಗಳಲ್ಲೂ ಜೋಗುಳ ಹೇರಳವಾಗಿರುವುದು ಈ ತೂಗಾಟದ ಫಲ. ರಾತ್ರಿ ಮಗು ತಾಯಿಯ ಮಗ್ಗುಲಲ್ಲಿ. ಎದ್ದರೆ ಅಲ್ಲೇ ಹಾಲು. ಹಾಗಾಗಿ ಮಗು ರಾತ್ರಿ ಎಷ್ಟು ಸಲ ಏಳುತ್ತದೆಂದು ಎಣಿಸುವ ಪ್ರಮೇಯ ಹೆಚ್ಚಾಗಿ ಬರುತ್ತಿರಲಿಲ್ಲ.

ಯುರೋಪಿನಲ್ಲೂ ಬಹುಕಾಲ ಮಗು ದೊಡ್ಡವರ ಹಾಸಿಗೆಯಲ್ಲೇ ಮಲಗುತ್ತಿತ್ತು. ತಾಯಿಯ ಮೈಯಡಿ ಸಿಕ್ಕು ಶಿಶು ಸತ್ತರೆ ಮಧ್ಯಯುಗದ ಚರ್ಚು ಪ್ರಾಯಶ್ಚಿತ್ತ ವಿಧಿಸುತ್ತಿತ್ತು. ಇಟಲಿಯ ಫ್ಲಾರೆನ್ಸಿನಲ್ಲಿ ಇದನ್ನು ತಡೆಯಲು ಮಗುವಿನ ಮೇಲೆ ‘ಆರ್ಕೂಚ್ಚೊ’ ಎಂಬ ಕಮಾನಿನ ಮರದ ಚೌಕಟ್ಟು ಇಡುತ್ತಿದ್ದರು. ದಾದಿ ಮಲಗಿದ್ದಂತೆಯೇ ಮೊಲೆಯೂಡಲು ಅದರ ಪಕ್ಕದಲ್ಲಿ ಒಂದು ಕಚ್ಚು ಇರುತ್ತಿತ್ತು. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ 1732ರಲ್ಲಿ ಇದರ ವಿವರಣೆ ಪ್ರಕಟಿಸಿತು.

ಕೈಗಾರಿಕಾ ಕ್ರಾಂತಿ ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ. ಗಿರಣಿಗೆ ಹೋಗುವ ತಾಯಂದಿರು, ಕೂಲಿಗೆ ಮಕ್ಕಳನ್ನು ನೋಡಿಕೊಳ್ಳುವವರು ಕೂಸಿಗೆ ಅಫೀಮು ಕೊಟ್ಟು ಮಲಗಿಸತೊಡಗಿದರು. ಇಂಗ್ಲೆಂಡಿನ ‘ಗಾಡ್‌ಫ್ರೀಸ್ ಕಾರ್ಡಿಯಲ್’ನಲ್ಲಿದ್ದುದು ಅಫೀಮು; ಅಮೆರಿಕದ ‘ಮಿಸೆಸ್ ವಿನ್ಸ್ಲೋಸ್ ಸೂದಿಂಗ್ ಸಿರಪ್’ನಲ್ಲಿ ಮಾರ್ಫಿನ್. ಮುಂಬಯಿಯ ಗಿರಣಿ ಕೇರಿಗಳಲ್ಲಿ ಇದೇ ಕೆಲಸಕ್ಕೆ ‘ಬಾಲಗೋಲಿ’ ಎಂಬ ಅಫೀಮಿನ ಗುಳಿಗೆ ಇತ್ತು. ಮತ್ತಿನಲ್ಲಿ ಮಲಗಿದ ಮಗು ಹಾಲು ಕೇಳದೆ ಸೊರಗುತ್ತಿತ್ತು, ಪ್ರಮಾಣ ಹೆಚ್ಚಾದರೆ ಏಳುತ್ತಲೇ ಇರಲಿಲ್ಲ. ಇದನ್ನು ತಾಯಂದಿರ ಅಜ್ಞಾನವೆಂದಷ್ಟೇ ನೋಡುವುದು ಅನ್ಯಾಯ. ಹೆರಿಗೆ ರಜೆಯಿಲ್ಲದ ದುಡಿಮೆ ಅವರಿಗೆ ಬೇರೆ ದಾರಿ ಬಿಟ್ಟಿರಲಿಲ್ಲ. 1906ರ ಕಾನೂನು ಅಮೆರಿಕದಲ್ಲಿ ಇಂಥ ಔಷಧಿಗಳ ಚೀಟಿಯ ಮೇಲೆ ಅಫೀಮು, ಮಾರ್ಫಿನ್‌ಗಳ ಹೆಸರು ನಮೂದಿಸುವುದನ್ನು ಕಡ್ಡಾಯಗೊಳಿಸಿತು.

ರಾತ್ರಿ ಹಾಲು ಬೇಡವೆಂಬ ಮಾತನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಕ್ಯಾಡೋಗನ್ 1748ರಲ್ಲೇ ಆಡಿದ್ದ. ಅದು ಶಿಸ್ತಾಗಿ ಬೆಳೆದದ್ದು ನ್ಯೂಯಾರ್ಕಿನ ವೈದ್ಯ ಎಲ್. ಎಮೆಟ್ ಹೋಲ್ಟ್‌ನಿಂದ. 1894ರ ಅವನ ‘ದ ಕೇರ್ ಅಂಡ್ ಫೀಡಿಂಗ್ ಆಫ್ ಚಿಲ್ಡ್ರನ್’ ಪ್ರಶ್ನೋತ್ತರ ರೂಪದ ಕೈಪಿಡಿ. ದಿನಕ್ಕೆ ಹದಿನೈದರಿಂದ ಮೂವತ್ತು ನಿಮಿಷ ಅಳುವುದು ಮಗುವಿಗೆ ವ್ಯಾಯಾಮ, ಹಟದ ಅಳುವಾದರೆ ಗಂಟೆಗಟ್ಟಲೆಯಾದರೂ ಅಳಲು ಬಿಡಿ ಎಂದು ಅದು ಬೋಧಿಸಿತು. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ 1907ರಲ್ಲಿ ಸ್ಥಾಪಿಸಿದ ಪ್ಲಂಕೆಟ್ ಸೊಸೈಟಿ ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಉಪವಾಸ ಎಂಬ ನಿಯಮವನ್ನು ಹರಡಿತು. ಮನಶ್ಶಾಸ್ತ್ರಜ್ಞ ಜಾನ್ ಬಿ. ವಾಟ್ಸನ್ 1928ರಲ್ಲಿ ಮಕ್ಕಳನ್ನು ಮುದ್ದಿಸುವುದನ್ನೇ ಆಕ್ಷೇಪಿಸಿದ. 1946ರಲ್ಲಿ ಬೆಂಜಮಿನ್ ಸ್ಪಾಕ್ ಬರೆದ ಪುಸ್ತಕ ತಾಯ್ತಂದೆಯರಿಗೆ ತಮ್ಮ ವಿವೇಕವನ್ನು ನಂಬಿರೆಂದು ಧೈರ್ಯ ಕೊಟ್ಟಿತಾದರೂ, ಮಲಗಲೊಲ್ಲದ ಮಗುವಿನ ವಿಷಯದಲ್ಲಿ ಅದರ ಸಲಹೆಯೂ ಬಿಗಿಯಾಗಿಯೇ ಇತ್ತು.

ಅಳತೆಗೋಲು ಹಿಡಿದ ಅಧ್ಯಯನ ಶುರುವಾದದ್ದು ತಡವಾಗಿ. 1957ರಲ್ಲಿ ಲಂಡನ್ನಿನಲ್ಲಿ ಮೂರ್ ಮತ್ತು ಉಕೊ, ನಡುರಾತ್ರಿಯಿಂದ ಬೆಳಗಿನ 5ರವರೆಗೆ ಎಬ್ಬಿಸದಿದ್ದರೆ ಮಗು ರಾತ್ರಿಯಿಡೀ ಮಲಗಿದಂತೆ ಎಂದು ಲೆಕ್ಕ ಹಿಡಿದರು. ಮೂರು ತಿಂಗಳಿಗೆ ಸುಮಾರು 70% ಮಕ್ಕಳು ಆ ಹಂತ ಮುಟ್ಟಿದ್ದರು. 1970ರ ದಶಕದಲ್ಲಿ ಥಾಮಸ್ ಆಂಡರ್ಸ್ ರಾತ್ರಿಯ ವಿಡಿಯೋ ಚಿತ್ರಣದಿಂದ ಕಂಡುಕೊಂಡದ್ದು ಇನ್ನೂ ಮುಖ್ಯ: ‘ಚೆನ್ನಾಗಿ ಮಲಗುವ’ ಮಕ್ಕಳೂ ಏಳುತ್ತವೆ, ಆದರೆ ಅಳದೆ ತಾವೇ ಮತ್ತೆ ಮಲಗುತ್ತವೆ. 1985ರಲ್ಲಿ ಬಾಸ್ಟನ್ನಿನ ರಿಚರ್ಡ್ ಫರ್ಬರ್ ಸೂಚಿಸಿದ, ಸಂತೈಸಲು ಹೋಗುವ ಮುನ್ನ ಕಾಯುವ ಅವಧಿಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವ ಕ್ರಮ ಜನಪ್ರಿಯವಾಯಿತು. ಇಂಥ ತರಬೇತಿ ಪಡೆದ ಮಕ್ಕಳನ್ನು ಐದು ವರ್ಷಗಳ ನಂತರ ಪರಿಶೀಲಿಸಿದ ಆಸ್ಟ್ರೇಲಿಯಾದ 2012ರ ಅಧ್ಯಯನಕ್ಕೆ ದೀರ್ಘಕಾಲದ ಹಾನಿಯಾಗಲಿ ಲಾಭವಾಗಲಿ ಕಾಣಲಿಲ್ಲ.

ಜೀವ ಉಳಿಸಿದ ಬದಲಾವಣೆ ಮಾತ್ರ ತೀರ ಸರಳವಾದದ್ದು. ಮಗುವನ್ನು ಬೋರಲು ಮಲಗಿಸಬೇಕೆಂದು ಪಾಶ್ಚಾತ್ಯ ಕೈಪಿಡಿಗಳು 20ನೇ ಶತಮಾನದ ನಡುವಿನಿಂದ ಹೇಳುತ್ತಿದ್ದವು. ನಿದ್ರೆಯಲ್ಲೇ ಸಂಭವಿಸುವ ಹಠಾತ್ ಶಿಶುಮರಣಕ್ಕೆ ಇದೊಂದು ದೊಡ್ಡ ಕಾರಣವೆಂದು 1980ರ ದಶಕದಲ್ಲಿ ಸ್ಪಷ್ಟವಾಯಿತು. ಬ್ರಿಟನ್ 1991ರಲ್ಲಿ, ಅಮೆರಿಕ 1994ರಲ್ಲಿ ಅಂಗಾತ ಮಲಗಿಸುವ ಪ್ರಚಾರ ಕೈಗೊಂಡವು; ಅಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಸಮತಟ್ಟಾದ ಗಟ್ಟಿ ಹಾಸಿಗೆ, ದಿಂಬು ಹೊದಿಕೆಗಳಿಲ್ಲದ ತೊಟ್ಟಿಲು, ಹೆತ್ತವರ ಕೋಣೆಯಲ್ಲೇ ಬೇರೆ ಹಾಸಿಗೆ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಈಗಿನ ನಿಲುವು. ತಾಯಿಯ ಮಗ್ಗುಲಲ್ಲಿ ಮಲಗಿಸಿದರೆ ಎದೆಹಾಲು ಸಲೀಸಾಗುತ್ತದೆಂದು ಜೇಮ್ಸ್ ಮೆಕೆನ್ನಾ ಮೊದಲಾದ ಮಾನವಶಾಸ್ತ್ರಜ್ಞರು ವಾದಿಸುತ್ತಾರೆ. ಈ ಚರ್ಚೆ ಮುಗಿದಿಲ್ಲ.

ಮಲಗಿಸುವ ರೂಢಿ ಇಂದಿಗೂ ಎಲ್ಲೆಡೆ ಒಂದೇ ಅಲ್ಲ. 2010ರಲ್ಲಿ ಪ್ರಕಟವಾದ, ಭಾರತವೂ ಸೇರಿದ 17 ದೇಶ-ಪ್ರದೇಶಗಳ ಸಮೀಕ್ಷೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳು ಮಲಗುವ ಸರಾಸರಿ ಹೊತ್ತು ನ್ಯೂಜಿಲೆಂಡಿನಲ್ಲಿ ಸಂಜೆ 7:27, ಹಾಂಗ್‌ಕಾಂಗಿನಲ್ಲಿ ರಾತ್ರಿ 10:17. ಕರ್ನಾಟಕದ ನಗರಗಳಲ್ಲಿ ತೊಲೆಯಿಲ್ಲದ ಫ್ಲ್ಯಾಟುಗಳಿಗೆ ಸ್ಪ್ರಿಂಗ್ ಜೋಲಿಯ ಕಬ್ಬಿಣದ ಸ್ಟ್ಯಾಂಡು ಬಂದಿದೆ. ನಿದ್ರೆ ಬರಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವ ರೂಢಿಯನ್ನು ವೈದ್ಯರು ಒಪ್ಪುವುದಿಲ್ಲ; ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಸಲ್ಲದು. ರಾತ್ರಿ ಏಳುವುದಂತೂ ಹಾಗೆಯೇ ಉಳಿದಿದೆ: 2018ರ ಕೆನಡಾದ ಅಧ್ಯಯನದಲ್ಲಿ ಆರು ತಿಂಗಳ ಮಕ್ಕಳಲ್ಲಿ ಸುಮಾರು 38%, ಒಂದು ವರ್ಷದವರಲ್ಲಿ ಸುಮಾರು 28% ಸತತ ಆರು ಗಂಟೆ ಮಲಗುತ್ತಿರಲಿಲ್ಲ. ಅವುಗಳ ಬೆಳವಣಿಗೆಗೆ ಅದರಿಂದ ಕುಂದು ಬಂದದ್ದು ಕಾಣಲಿಲ್ಲ.