ಓದದ ಕೈ ಕಂಡರಿಸಿದ ಅಕ್ಷರ

ರಾಜ್ಯೋತ್ಸವಕ್ಕೆಂದು ಮರದ ಸ್ಮರಣಿಕೆ ಮಾಡಿಸಲು ನೆರೂಳಿನ ಲೇಸರ್ ಕೆತ್ತನೆಯ ಅಂಗಡಿಯೊಂದಕ್ಕೆ ಹೋದ ನಾವು ಮೊದಲ ಮಾದರಿಯನ್ನು ಕಂಡು ಬೆಚ್ಚಿದೆವು. ‘ರಾಜ್ಯೋತ್ಸವ’ದ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಂದು ನಿಂತಿದ್ದವು. ಮರಾಠಿ ಭಾಷಿಕರಾದ ಅಂಗಡಿಯವರಿಗೆ ದೋಷ ಕಾಣಿಸಲಿಲ್ಲ, ಕಾಣಿಸುವುದಾದರೂ ಹೇಗೆ? ಬರಹವನ್ನು ಚಿತ್ರವಾಗಿಸಿ ಕೊಟ್ಟ ಮೇಲೆ ಎಲ್ಲವೂ ಸರಿಹೋಯಿತು.

ಕೆತ್ತುವ ಯಂತ್ರಕ್ಕೆ ಅಕ್ಷರವೆಂಬುದೇ ಇಲ್ಲ. ಚಿತ್ರವನ್ನು ಅದು ಸೂಕ್ಷ್ಮ ಚುಕ್ಕೆಗಳ ಸಾಲುಗಳಾಗಿ ಒಡೆದುಕೊಳ್ಳುತ್ತದೆ. ಉಳುವ ನೇಗಿಲಿನಂತೆ ಅತ್ತಿಂದಿತ್ತ ಸಾಗುವ ಕಿರಣವು ಕಪ್ಪು ಚುಕ್ಕೆ ಬಂದಲ್ಲಿ ಹೊತ್ತಿ, ಬಿಳಿ ಬಂದಲ್ಲಿ ಆರುತ್ತದೆ. ಹೊತ್ತಿದಲ್ಲಿ ಮರ ಸುಟ್ಟು ತಗ್ಗಾಗುತ್ತದೆ. ಭಾವಚಿತ್ರವಾದರೆ ಬೂದು ಛಾಯೆಗಳನ್ನು ಚುಕ್ಕೆಗಳ ದಟ್ಟಣೆಯಿಂದಲೇ ತೋರಿಸಬೇಕು. ಇಂತಹ ಯಂತ್ರಗಳಲ್ಲಿ ಬಹಳವಾಗಿ ಬಳಕೆಯಾಗುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ನಮ್ಮ ನೆರೆಯವರೇ ಎನ್ನಬೇಕು: ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್. ಅದರ 10.6 ಮೈಕ್ರೋಮೀಟರ್ ತರಂಗಾಂತರದ ಅಗೋಚರ ಕಿರಣವನ್ನು ಮರ, ಚರ್ಮ, ಅಕ್ರಿಲಿಕ್‌ಗಳು ಹೀರಿಕೊಳ್ಳುತ್ತವೆ. ಹೊಳೆಯುವ ತಾಮ್ರವಾದರೋ ಅದನ್ನು ಬಹುಪಾಲು ಹಿಂದಕ್ಕೆ ಎಸೆಯುತ್ತದೆ. ಲೋಹಕ್ಕೆ ಸುಮಾರು ಒಂದು ಮೈಕ್ರೋಮೀಟರಿನ ಫೈಬರ್ ಲೇಸರ್ ಬೇಕು.

ಉಳಿ ಸುತ್ತಿಗೆಗಳಿಗೆ ಈ ತೊಡಕಿರಲಿಲ್ಲ. ಇಂದು ಕಾರಾಗೃಹವಾಗಿರುವ ಠಾಣೆಯ ಕೋಟೆಯಲ್ಲಿ 1787ರಲ್ಲಿ ನೆಲ ಅಗೆಯುವಾಗ ಶಿಲಾಹಾರ ದೊರೆ ಅರಿಕೇಸರಿಯ ತಾಮ್ರಪಟಗಳು ದೊರೆತವು. ಕಾಲ ಶಕ 939, ಅಂದರೆ ಕ್ರಿ.ಶ. 1017. ಅವುಗಳ ಇಂಗ್ಲಿಷ್ ಅನುವಾದ ‘ಏಷ್ಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲಿಯೇ ಅಚ್ಚಾಯಿತು. ರಾಷ್ಟ್ರಕೂಟರ ಸಾಮಂತರಾಗಿ ಆಳ್ವಿಕೆಗೆ ತೊಡಗಿದ ಈ ಮನೆತನದ ದಾನಶಾಸನಗಳ ಭಾಷೆ ಸಂಸ್ಕೃತ, ಲಿಪಿ ಬಹುತೇಕ ನಾಗರಿ. ಆದರೂ ಅರಸರ ಬಿರುದುಗಳ ಸಾಲಿನಲ್ಲಿ ‘ಮಲಗಲಗಂಡ’ದಂತಹ ಅಚ್ಚಗನ್ನಡ ಮಾತು ಥಟ್ಟನೆ ಎದುರಾಗುತ್ತದೆ!

ಹಳೆಯ ಶಾಸನಗಳಲ್ಲಿ ಅನೇಕ ವೇಳೆ ಬರೆದವನೊಬ್ಬ, ಕಂಡರಿಸಿದವನು ಇನ್ನೊಬ್ಬ. ಲಿಪಿಕಾರನು ಬರೆದುಕೊಟ್ಟ ಗೆರೆಯ ಮೇಲೆ ಉಳಿ ನಡೆಯುತ್ತಿತ್ತು. ಓದು ಬಾರದ ಕೈಯೂ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಬಹುದಿತ್ತು. ಕೊಂಕಣದ ಯಾವನೋ ಕಂಚುಗಾರ, ‘ಗಂಡ’ ಎಂದರೆ ವೀರನೆಂಬುದನ್ನು ಅರಿಯದೆಯೇ ಆ ಪದವನ್ನು ಕಂಡರಿಸಿರಬಹುದು. ಬರೆದುಕೊಟ್ಟವನು ತಪ್ಪಿದ್ದರೆ ಆ ತಪ್ಪೂ ಅಷ್ಟೇ ನಿಷ್ಠೆಯಿಂದ ತಾಮ್ರದಲ್ಲಿ ಉಳಿಯುತ್ತಿತ್ತು.

ನಮ್ಮ ಅಂಗಡಿಯವರು ಈಗ, “ಕನ್ನಡವಾದರೆ ಚಿತ್ರವನ್ನೇ ಕಳಿಸಿ, ನೀವೇ ನೋಡಿ ಕೊಡಿ” ಎನ್ನುತ್ತಾರೆ. ನೋಡಿ, ತಿದ್ದಿ ಕೊಡಬಲ್ಲವರು ನಮ್ಮ ಬಳಗದಲ್ಲಿ ಇಬ್ಬರು. ಇಬ್ಬರಿಗೂ ಅರವತ್ತು ದಾಟಿದೆ. ಸ್ಮರಣಿಕೆ ಪಡೆದ ಮಕ್ಕಳು ಮನೆಯಲ್ಲಿ ಚೆನ್ನಾಗಿಯೇ ಕನ್ನಡ ಆಡುತ್ತಾರೆ. ಅದರ ಮೇಲೆ ಬರೆದದ್ದೇನೆಂದು ನಮ್ಮನ್ನೇ ಕೇಳಿದರು.