ಸುಪ್ರಜನನವಾದಿ
ಆನುವಂಶಿಕವಾಗಿ ಉತ್ತಮರೆಂದು ಎಣಿಸಲ್ಪಟ್ಟವರ ಸಂತತಿಯನ್ನು ವರ್ಧಿಸಿ, ಹೀನರೆನಿಸಿದವರ ಸಂತತಿಯನ್ನು ತಡೆದು, ಮಾನವಕುಲವನ್ನು ಸುಧಾರಿಸಬಹುದೆಂಬ ಮತವನ್ನು ಸಮರ್ಥಿಸುವವನು. ವಿಶೇಷಣವಾಗಿ, ಆ ಮತಕ್ಕೆ ಅನುಕೂಲವಾದ ನೀತಿ, ಶಾಸನ, ಬರೆಹಗಳಿಗೂ ಸಲ್ಲುವ ಪದ. ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಗ್ರೀಕ್ ಮೂಲದಿಂದ ರಚಿಸಿದ ಶಾಸ್ತ್ರನಾಮಕ್ಕೆ ಸಂವಾದಿಯಾಗಿ ಸಂಸ್ಕೃತದ ಸು, ಪ್ರಜನನಗಳಿಂದ ಕಟ್ಟಿದ ಶಬ್ದವಿದು. ಮೊದಮೊದಲು ಅಭಿಮಾನದಿಂದ ಧರಿಸಲ್ಪಡುತ್ತಿದ್ದ ಈ ಬಿರುದು, ಜರ್ಮನಿಯ ನಾಟ್ಸಿ ಸರ್ಕಾರವು 1933ರಲ್ಲಿ ಬಲಾತ್ಕಾರದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಶಾಸನಬದ್ಧಗೊಳಿಸಿದ ತರುವಾಯ ಕ್ರಮೇಣ ನಿಂದಾವಾಚಕವಾಗಿ ಪರಿಣಮಿಸಿತು. ಸಂತಾನನಿಯಂತ್ರಣದ ಸಮರ್ಥಕರನ್ನೆಲ್ಲ ಹೀಗೆ ಕರೆಯುವುದು ಸಲ್ಲದು. ತಾಯಿಯ ಆರೋಗ್ಯವನ್ನಷ್ಟೇ ಬಯಸಿದವರೂ ಅವರಲ್ಲಿದ್ದರು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಮೈಸೂರು ಸಂಸ್ಥಾನವು 1930ರಲ್ಲಿಯೇ ಆಜ್ಞಾಪಿಸಿತು.