ಗಾಡಿಯಿಂದಿಳಿಯದ ಗಿರಾಕಿ

ಮೋಟಾರಿನಿಂದ ಕೆಳಗಿಳಿಯದೆ ಕಿಟಕಿಯೊಂದರ ಬಳಿ ಕ್ಷಣಕಾಲ ನಿಂತು, ಬೇಕಾದುದನ್ನು ಪಡೆದು ಮುಂದೆ ಸಾಗುವ ಪದ್ಧತಿಗೆ ಡ್ರೈವ್-ಥ್ರೂ ಎಂಬ ಇಂಗ್ಲಿಷ್ ಹೆಸರು ರೂಢಿಯಾಗಿದೆ. ಈ ಹೆಸರನ್ನು ಕೇಳಿದೊಡನೆ ಇಂದಿನವರಿಗೆ ನೆನಪಾಗುವುದು ತಿಂಡಿಯ ಪೊಟ್ಟಣ. ಆದರೆ ಈ ಪದ್ಧತಿಯ ಚರಿತ್ರೆಯಲ್ಲಿ ತಿಂಡಿಯ ಅಂಗಡಿಗಿಂತ ಬ್ಯಾಂಕು ಹಿರಿಯದು. ಮೆಕ್‌ಡೊನಾಲ್ಡ್ ಕಂಪನಿಯು ಇಂಥ ಕಿಟಕಿಯನ್ನು ಮೊದಲ ಬಾರಿಗೆ ತೆರೆದುದು 1975ರಲ್ಲಿ, ಅರಿಜೋನಾ ಪ್ರಾಂತದ ಸಿಯೆರಾ ವಿಸ್ತಾ ಎಂಬ ಊರಿನಲ್ಲಿ. ಅಷ್ಟು ಹೊತ್ತಿಗೆ ಅಮೆರಿಕದ ಬ್ಯಾಂಕುಗಳು ಗಾಡಿಯಲ್ಲಿ ಕುಳಿತವರಿಗೆ ಹಣವೆಣಿಸಿ ಕೊಡತೊಡಗಿ ನಾಲ್ಕು ದಶಕಗಳು ಕಳೆದಿದ್ದುವು. ಬ್ಯಾಂಕಿನ ಕಿಟಕಿ ಎಲ್ಲಿ, ಯಾವ ಎತ್ತರದಲ್ಲಿ, ಯಾರ ಕೈಗೆ ಎಟುಕುವಂತೆ ಇರಬೇಕೆಂಬುದು ಮೇಲುನೋಟಕ್ಕೆ ಬಡಗಿಯ ಪ್ರಶ್ನೆ. ವಿಚಾರಿಸಿದರೆ, ಯಾರು ಗಿರಾಕಿ, ಯಾರಲ್ಲ ಎಂಬ ನಿರ್ಣಯವೇ ಅದರಲ್ಲಿ ಅಡಗಿದೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ಗಾಡಿಯನ್ನು ರಸ್ತೆಯಿಂದ ಒಳಕ್ಕೆ ತಿರುಗಿಸಿ ನಿಲ್ಲಿಸಿ ಪೆಟ್ರೋಲು ತುಂಬಿಸಿಕೊಳ್ಳುವ ಕಟ್ಟೆಯನ್ನು ಗಲ್ಫ್ ಕಂಪನಿಯು ಪಿಟ್ಸ್‌ಬರ್ಗಿನಲ್ಲಿ 1913ರ ಡಿಸೆಂಬರಿನಲ್ಲಿ ತೆರೆಯಿತು. ಕ್ಯಾಲಿಫೋರ್ನಿಯಾದ ಗ್ಲೆಂಡೇಲಿನಲ್ಲಿ 1924ರಲ್ಲಿ ಗಾಡಿಗಳಿಗೆ ಅಂಗಳವಿಟ್ಟು ಸುತ್ತಲೂ ಕಾಯಿಪಲ್ಯ, ದಿನಸಿಗಳ ಮಳಿಗೆಗಳನ್ನು ಜೋಡಿಸಿದ ಪೇಟೆ ಆರಂಭವಾಯಿತು. ನ್ಯೂಜೆರ್ಸಿಯ ಕ್ಯಾಮ್ಡೆನ್ನಿನಲ್ಲಿ 1933ರಲ್ಲಿ ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬಾತನು ಗಾಡಿಯೊಳಗೆ ಕುಳಿತೇ ನೋಡುವ ಬಯಲು ಚಿತ್ರಮಂದಿರವನ್ನು ನಡೆಸತೊಡಗಿದನು. ಇವೆಲ್ಲವೂ ಗಾಡಿ ಬಂದು ನಿಲ್ಲುವ ತಾಣಗಳು. ಗಾಡಿ ಸಾಲಿನಲ್ಲಿ ಹರಿಯುತ್ತಲೇ ವ್ಯವಹಾರ ಮುಗಿಸುವ ಕ್ರಮಕ್ಕೆ ಬೇರೆಯೇ ಬಗೆಯ ಕಟ್ಟಡ ಬೇಕಾಯಿತು. ಅದನ್ನು ರೂಪಿಸಿದವರಲ್ಲಿ ಬ್ಯಾಂಕಿನವರು ಮುಖ್ಯರು.

ಮಿಸೂರಿ ಪ್ರಾಂತದ ಸೇಂಟ್ ಲೂಯಿಸ್ ನಗರದ ಗ್ರ್ಯಾಂಡ್ ನ್ಯಾಷನಲ್ ಬ್ಯಾಂಕು 1930ರಲ್ಲಿ ಇಂಥ ಕಿಟಕಿಯೊಂದನ್ನು ತೆರೆಯಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಮೊದಲಿಗತನದ ಹಕ್ಕನ್ನು ಬೇರೆ ಊರುಗಳೂ ಮಂಡಿಸಿವೆ. ಆ ಜಗಳವನ್ನು ಬಗೆಹರಿಸುವುದರಿಂದ ವಿಶೇಷ ಲಾಭವಿಲ್ಲ. ಆ ವರ್ಷ ಅಮೆರಿಕದಲ್ಲಿ ಸುಮಾರು 2 ಕೋಟಿ 30 ಲಕ್ಷ ಮೋಟಾರು ಕಾರುಗಳಿದ್ದುವೆಂಬುದು ಹೆಚ್ಚು ಗಮನಾರ್ಹವಾದ ಸಂಗತಿ. ಬ್ಯಾಂಕುಗಳು ಊರಿನ ನಡುಪೇಟೆಯಲ್ಲಿದ್ದುವು, ಗಿರಾಕಿಗಳು ಹೊರವಲಯಗಳಿಗೆ ಮನೆ ಬದಲಾಯಿಸುತ್ತಿದ್ದರು, ಪೇಟೆಗೆ ಬಂದವರಿಗೆ ಗಾಡಿ ನಿಲ್ಲಿಸಲು ಎಡೆ ಸಿಗುತ್ತಿರಲಿಲ್ಲ. ಬ್ಯಾಂಕಿಗೆ ಉಳಿದ ದಾರಿಗಳು ಎರಡು: ಗಿರಾಕಿಯಿದ್ದಲ್ಲಿಗೆ ಶಾಖೆಯನ್ನು ಒಯ್ಯುವುದು, ಇಲ್ಲವೆ ಗಾಡಿ ಬಂದಲ್ಲಿಗೆ ಕಿಟಕಿಯನ್ನು ಚಾಚುವುದು. ಅನೇಕ ಪ್ರಾಂತಗಳ ಕಾನೂನು ಶಾಖೆಗಳನ್ನು ನಿಷೇಧಿಸಿದ್ದುದರಿಂದ ಅಲ್ಲಿನವರು ಎರಡನೆಯದನ್ನು ಹಿಡಿದರು.

1942ರ ಫೆಬ್ರವರಿಯಲ್ಲಿ ಯುದ್ಧದ ನಿಮಿತ್ತ ಕಾರುಗಳ ತಯಾರಿಕೆಯೇ ನಿಂತುಹೋಯಿತು. ಪೆಟ್ರೋಲಿಗೆ ರೇಷನ್ ಬಂದಿತು. ಯುದ್ಧ ಮುಗಿದ ಮೇಲೆ ಹಿಂದಿನದೆಲ್ಲವೂ ಇಮ್ಮಡಿಯಾಗಿ ಮರುಕೊಳಿಸಿತು. ಶಿಕಾಗೋ ನಗರದ ಎಕ್ಸ್‌ಚೇಂಜ್ ನ್ಯಾಷನಲ್ ಬ್ಯಾಂಕು 1946ರ ನವೆಂಬರ್ 12ರಂದು ಹತ್ತು ಕಿಟಕಿಗಳ ವ್ಯವಸ್ಥೆಯನ್ನು ಆರಂಭಿಸಿತು. ಗುಂಡು ತೂರದ ಗಾಜು, ಅದರ ಕೆಳಗೆ ಒಳಕ್ಕೂ ಹೊರಕ್ಕೂ ಸರಿಯುವ ಡ್ರಾಯರು: ಇವೆರಡರಿಂದ ಕ್ಯಾಷಿಯರನು ಸುರಕ್ಷಿತನಾದನು, ಗಿರಾಕಿಯೂ ಆಸನದಿಂದ ಏಳಬೇಕಾಗಲಿಲ್ಲ. ಅಮೆರಿಕದಲ್ಲಿ ಚಾಲಕನು ಎಡಗಡೆ ಕುಳಿತುಕೊಳ್ಳುವನಾದ್ದರಿಂದ ಕಿಟಕಿ ಗಾಡಿಯ ಎಡಕ್ಕಿರಬೇಕು. ಅಂದರೆ ಕಟ್ಟಡದ ಒಂದು ಗೋಡೆಗೆ ಒಂದೇ ಸಾಲು. ಈ ಇಕ್ಕಟ್ಟನ್ನು ಬಿಡಿಸಿದುದು ಗಾಳಿಕೊಳವೆ. ಬೆಲ್ಲದ ಅಚ್ಚಿನಷ್ಟು ಗಾತ್ರದ ಮುಚ್ಚಳದ ಡಬ್ಬಿಯಲ್ಲಿ ಚೆಕ್ಕನ್ನೋ ನೋಟುಗಳನ್ನೋ ಇಟ್ಟು ಗುಂಡಿಯೊತ್ತಿದರೆ, ಗಾಳಿಯ ಒತ್ತಡವು ಅದನ್ನು ಕೊಳವೆಯ ಮೂಲಕ ಹಲವು ಗಜಗಳಾಚೆಯ ಕ್ಯಾಷಿಯರನ ಮುಂದೆ ತಂದು ಬೀಳಿಸುತ್ತಿತ್ತು. ಹೀಗೆ ನಾಲ್ಕಾರು ಸಾಲುಗಳು ಒಂದೇ ಕೋಣೆಗೆ ಕೂಡಿಕೊಂಡುವು. ಕೆಲವೆಡೆ ಕ್ಯಾಷಿಯರನನ್ನು ನೆಲಮಾಳಿಗೆಯಲ್ಲಿ ಕುಳ್ಳಿರಿಸಿ, ರಸ್ತೆಯಂಚಿನ ಕಂಬದಲ್ಲಿ ಕನ್ನಡಿಗಳನ್ನು ಜೋಡಿಸಿ, ಜಲಾಂತರ್ಗಾಮಿಯಿಂದ ಸಮುದ್ರವನ್ನು ನೋಡುವಂತೆ ಗಿರಾಕಿಯ ಮುಖವನ್ನು ನೋಡುವ ಏರ್ಪಾಡನ್ನೂ ಮಾಡಿದ್ದರು.

ಹಣದ ಮೇಜಿನ ಹಿಂದೆ ಕುಳಿತು ಕೆಲಸ ಮಾಡಿದವರಿಗೆ ಇದರ ತೊಡಕು ಕೂಡಲೇ ಹೊಳೆಯುತ್ತದೆ. ಕೌಂಟರಿನಲ್ಲಿ ನೋಟನ್ನು ಗಿರಾಕಿಯ ಕಣ್ಣೆದುರಿಗೇ ಎಣಿಸುವುದು ವ್ಯವಹಾರದ ಪ್ರಾಣ. ಒಂದು ನೋಟು ಕಡಮೆ ಬಂದರೆ ಅಲ್ಲಿಯೇ ಹೇಳಬೇಕು, ಅಲ್ಲಿಯೇ ಇತ್ಯರ್ಥವಾಗಬೇಕು. ಕೊಳವೆಗೆ ಹಾಕಿದ ಹಣವಾದರೋ ಕಣ್ಮರೆಯಾಗುತ್ತದೆ. ಡಬ್ಬಿಯಲ್ಲಿ ಇಟ್ಟದ್ದೆಷ್ಟು, ತೆಗೆದದ್ದೆಷ್ಟು ಎಂಬ ವಾದ ಹುಟ್ಟಿದರೆ ಸಾಕ್ಷಿ ಯಾರು? ಆದ್ದರಿಂದಲೇ ಕೊಳವೆಯ ಬೆನ್ನಿಗೆ ಮೈಕು, ದೂರದರ್ಶನದ ಪರದೆ, ಕ್ಯಾಮರಾಗಳು ಬಂದುವು. ಇನ್ನೊಂದು ತೊಡಕು ಸಾಲಿನದು. ಒಳಗಿನ ಸಾಲಿನಲ್ಲಿ ಬೇಸತ್ತವನು ಪಕ್ಕದ ಸಾಲಿಗೆ ಹೋಗಬಹುದು. ಹಿಂದೆ ಮುಂದೆ ಗಾಡಿಗಳ ನಡುವೆ ಸಿಕ್ಕಿಕೊಂಡವನಿಗೆ ಆ ಸ್ವಾತಂತ್ರ್ಯವಿಲ್ಲ. ಅಂಗಡಿಯ ದಿನದ ವಸೂಲನ್ನೆಲ್ಲ ಚೀಲದಲ್ಲಿ ತಂದ ಒಬ್ಬನೇ ವರ್ತಕನು ಹಿಂದಿನ ಎಲ್ಲರನ್ನೂ ಕಾಯಿಸಬಲ್ಲನು. ವ್ಯಾಪಾರಿಗಳಿಗೆ ಪ್ರತ್ಯೇಕ ಸಾಲನ್ನು ಗೊತ್ತುಮಾಡುವ ಪದ್ಧತಿಗೆ ಇದೇ ಕಾರಣ.

ಬ್ಯಾಂಕಿನ ಕೌಂಟರು ಜನಕ್ಕೆ ಎಟುಕದೆಂಬ ಸಮಸ್ಯೆ ಅಮೆರಿಕದ್ದು ಮಾತ್ರವಾಗಿರಲಿಲ್ಲ. ಸೇಂಟ್ ಲೂಯಿಸಿನ ಕಿಟಕಿಗೆ ಎರಡು ವರ್ಷ ಮುಂಚೆ, 1928ರಲ್ಲಿ, ಉಡುಪಿಯಲ್ಲಿ ಅದೇ ಸಮಸ್ಯೆಗೆ ತೀರ ಬೇರೆಯಾದ ಉತ್ತರವೊಂದು ಸಿದ್ಧವಾಯಿತು. ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು 1925ರಲ್ಲಿ ಸ್ಥಾಪಿಸಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾದುದು, ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನು ಏಜೆಂಟನು ಮನೆಮನೆಗೆ, ಅಂಗಡಿಅಂಗಡಿಗೆ ನಡೆದುಹೋಗಿ ಸಂಗ್ರಹಿಸುತ್ತಿದ್ದನು. ನೇಕಾರನಾಗಲಿ ವೀಳ್ಯದೆಲೆ ಮಾರುವವಳಾಗಲಿ ಕೆಲಸ ಬಿಟ್ಟು ಬ್ಯಾಂಕಿಗೆ ಬರಬೇಕಾಗಿರಲಿಲ್ಲ. ಎರಡು ಊರುಗಳಲ್ಲಿಯೂ ಗಿರಾಕಿ ಕುಳಿತಲ್ಲಿಂದ ಏಳಲಿಲ್ಲವೆಂಬುದು ನಿಜ. ಆದರೆ ಒಬ್ಬನು ಕುಳಿತುದು ತನ್ನ ಕಾರಿನಲ್ಲಿ, ಇನ್ನೊಬ್ಬನು ಮಗ್ಗದ ಮುಂದೆ. 1950ರ ಸುಮಾರಿಗೆ ಅಮೆರಿಕದಲ್ಲಿ 4 ಕೋಟಿ ಕಾರುಗಳಿದ್ದುವು. 1951ರಲ್ಲಿ ಭಾರತದಲ್ಲಿ ಎಲ್ಲ ಬಗೆಯ ಮೋಟಾರು ವಾಹನಗಳೂ ಸೇರಿ 3 ಲಕ್ಷದಷ್ಟಿದ್ದುವು. ಉಡುಪಿಯವರು ಕಿಟಕಿಯನ್ನು ರಸ್ತೆಗೆ ಚಾಚಿದ್ದರೆ ಅದರ ಮುಂದೆ ನಿಲ್ಲುವವರು ಯಾರೂ ಇರುತ್ತಿರಲಿಲ್ಲವೆನ್ನಬಹುದು. ಹಾಗೆಂದು ಪಿಗ್ಮಿಯ ಸೌಕರ್ಯವೇನೂ ಪುಕ್ಕಟೆಯಾಗಿ ಬಂದುದಲ್ಲ. ಅದರ ಭಾರವನ್ನು ಹೊತ್ತವನು ಬಿಸಿಲಿನಲ್ಲಿ ನಡೆದ ಏಜೆಂಟು. ಈ ಸಂಗ್ರಾಹಕರು ಕೈಗಾರಿಕಾ ವಿವಾದಗಳ ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂಬ ಸುಪ್ರೀಂ ಕೋರ್ಟಿನ ತೀರ್ಪು ಬಂದುದು 2001ರಷ್ಟು ತಡವಾಗಿ.

ಬ್ಯಾಂಕೇ ಗಿರಾಕಿಯ ಬಳಿಗೆ ಹೋಗುವ ಪ್ರಯತ್ನ ಅಮೆರಿಕದಲ್ಲಿ ನಡೆಯಲಿಲ್ಲವೆಂದಲ್ಲ. ನಡೆದಾಗ ಏನಾಯಿತೆಂಬುದಕ್ಕೆ ಫ್ಲಾರಿಡಾದ ಪ್ಲಾಂಟ್ ಸಿಟಿಯ ಫಸ್ಟ್ ನ್ಯಾಷನಲ್ ಬ್ಯಾಂಕಿನ ಮೊಕದ್ದಮೆ ನಿದರ್ಶನ. ಫ್ಲಾರಿಡಾದಲ್ಲಿ ಶಾಖೆ ತೆರೆಯುವಂತಿರಲಿಲ್ಲ. ಬ್ಯಾಂಕು ಕವಚದ ಗಾಡಿಯೊಂದನ್ನು ಗಿರಾಕಿಗಳ ಬಳಿಗೆ ಕಳುಹಿಸಿತು. ಅಂಗಡಿಗಳ ಸಮುಚ್ಚಯವೊಂದರಲ್ಲಿ ಠೇವಣಿ ಪೆಟ್ಟಿಗೆಯನ್ನೂ ಇರಿಸಿತು. ಕರಾರುಪತ್ರದಲ್ಲಿ ಜಾಣತನದ ಒಂದು ವಾಕ್ಯವಿತ್ತು: ಹಣವು ಮುಖ್ಯ ಕಚೇರಿಯ ಕ್ಯಾಷಿಯರನ ಕೈ ಸೇರುವವರೆಗೂ ಗಾಡಿಯ ದೂತನು ಗಿರಾಕಿಯ ಪ್ರತಿನಿಧಿ, ಬ್ಯಾಂಕಿನವನಲ್ಲ. 1969ರ ಡಿಸೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬಹುಮತದಿಂದ ಈ ವಾದವನ್ನು ತಳ್ಳಿಹಾಕಿತು. 1927ರ ಮ್ಯಾಕ್‌ಫ್ಯಾಡನ್ ಕಾಯಿದೆಯ ಪ್ರಕಾರ ಠೇವಣಿ ಸ್ವೀಕರಿಸುವ ತಾಣವೇ ಶಾಖೆ. ಚಕ್ರಗಳ ಮೇಲಿದ್ದ ಮಾತ್ರಕ್ಕೆ ಅದು ಶಾಖೆಯಲ್ಲದಾಗದು. ಅದೇ ಫ್ಲಾರಿಡಾದಲ್ಲಿ ಪಿಗ್ಮಿ ಏಜೆಂಟನ ಚೀಲವನ್ನು ಯಾರಾದರೂ ಹೊತ್ತು ನಡೆದಿದ್ದರೆ ಆ ಚೀಲಕ್ಕೂ ಶಾಖೆಯ ಆಪಾದನೆ ಬರುತ್ತಿತ್ತೇನೊ!

ಯುರೋಪಿನಲ್ಲಿ ಈ ಪದ್ಧತಿ ಬೇರೂರಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಬ್ಯಾಂಕು 1959ರಲ್ಲಿ ಲಿವರ್‌ಪೂಲಿನಲ್ಲಿ ಇದನ್ನು ಪ್ರಯೋಗಿಸಿತು. ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವಿಸ್ ಬ್ಯಾಂಕು 1962ರಲ್ಲಿ ಜೂರಿಕ್ಕಿನ ನಡುನಗರದಲ್ಲಿ ಗಾಜಿನ ಮಂಟಪಗಳನ್ನು ಕಟ್ಟಿಸಿ ಗಾಡಿಯವರನ್ನು ಆಹ್ವಾನಿಸಿತು. ನಗರದ ರಸ್ತೆಗಳು ದಟ್ಟಣೆಯಿಂದ ತುಂಬಿಹೋಗಲು, 1983ರಲ್ಲಿ ಅದನ್ನು ಮುಚ್ಚಿತು. ಕಿಟಕಿಗೆ ಬೇಕಾದ ಮೊದಲ ಬಂಡವಾಳ ವಿಶಾಲವಾದ ನೆಲ. ಅದು ಅಮೆರಿಕದ ಹೊರವಲಯಗಳಲ್ಲಿತ್ತು, ಜೂರಿಕ್ಕಿನಲ್ಲಿರಲಿಲ್ಲ.

ಅಮೆರಿಕದಲ್ಲಂತೂ ಬ್ಯಾಂಕಿನ ದಾರಿಯನ್ನು ಔಷಧದ ಅಂಗಡಿ, ಲಾಂಡ್ರಿ, ಗ್ರಂಥಾಲಯಗಳೂ ಹಿಡಿದುವು. ಲಾಸ್ ವೇಗಸ್ಸಿನಲ್ಲಿ 1991ರಿಂದ ಗಾಡಿಯೊಳಗೇ ವಿವಾಹವಾಗುವ ಕಿಟಕಿಯೂ ಇದೆ. ನಗುವಿಗೆ ವಸ್ತುವಾಗಿ ಇದರ ಪ್ರಸ್ತಾಪವೇ ಹೆಚ್ಚು. ಅದಕ್ಕಿಂತ ವಿಚಾರಾರ್ಹವಾದವು ಬೇರೆ ಎರಡು. ಕ್ಯಾಲಿಫೋರ್ನಿಯಾದ ಕಾಂಪ್ಟನ್ನಿನ ಶವಸಂಸ್ಕಾರದ ಸಂಸ್ಥೆಯೊಂದು 1974ರಿಂದ ಮೃತರ ಅಂತಿಮದರ್ಶನಕ್ಕೆ ಗಾಜಿನ ಕಿಟಕಿಯನ್ನಿರಿಸಿತು. ಕೆಲಸ ಮುಗಿಸಿ ತಡವಾಗಿ ಬಂದವರಿಗೆ, ನಡೆಯಲಾರದ ವೃದ್ಧರಿಗೆ ಅದರಿಂದ ಉಪಕಾರವಾಯಿತು. ಎರಡನೆಯದು ರಾಬರ್ಟ್ ಷುಲರ್ ಎಂಬ ಪಾದ್ರಿಯದು. ಈತನು 1955ರಲ್ಲಿ ಕ್ಯಾಲಿಫೋರ್ನಿಯಾದ ಬಯಲು ಚಿತ್ರಮಂದಿರವೊಂದರ ತಿಂಡಿಯಂಗಡಿಯ ಮಾಡಿನ ಮೇಲೆ ನಿಂತು ಗಾಡಿಗಳಲ್ಲಿ ಕುಳಿತ ಭಕ್ತರಿಗೆ ಉಪದೇಶ ಮಾಡಿದನು. 1961ರಲ್ಲಿ ಪ್ರಖ್ಯಾತ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ ಈತನಿಗಾಗಿ ಕಟ್ಟಿಕೊಟ್ಟ ಗಾರ್ಡನ್ ಗ್ರೋವಿನ ಇಗರ್ಜಿಯಲ್ಲಿ ಒಳಗೆ ಪೀಠಗಳಲ್ಲಿ ಕುಳಿತವರಿಗೂ ಹೊರಗೆ ಗಾಡಿಗಳಲ್ಲಿದ್ದವರಿಗೂ ಒಂದೇ ಪ್ರಾರ್ಥನೆ ಸಲ್ಲುವಂತಹ ವಿನ್ಯಾಸವಿತ್ತು. ನಡೆದು ಬಂದವನನ್ನು ಹೊರಗಿಡದೆಯೇ ಗಾಡಿಯವನನ್ನು ಬರಮಾಡಿಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಬ್ಯಾಂಕುಗಳು ಆ ಔದಾರ್ಯವನ್ನು ತೋರಲಿಲ್ಲ. ಕೈಗೂಸಿನ ತಾಯಿ, ಮುದುಕರು, ಅಂಗವಿಕಲರು: ಇವರ ಹೆಸರಿನಲ್ಲಿಯೇ ಕಿಟಕಿಯ ಪ್ರಚಾರ ನಡೆಯಿತು, ಪ್ರಯೋಜನವೂ ಆಯಿತು. ಆದರೆ ಕಾಲ್ನಡಿಗೆಯಲ್ಲಿ ಅದೇ ಕಿಟಕಿಗೆ ಬಂದವನಿಗೆ ಸೇವೆಯಿಲ್ಲ ಎಂಬ ನಿಯಮವೂ ಅಲ್ಲಿ ಸಾಮಾನ್ಯ. ಗಾಡಿಗಳ ನಡುವೆ ನಿಂತವನಿಗೆ ಅಪಘಾತವಾದೀತು, ದರೋಡೆಯ ಭಯವೂ ಉಂಟು ಎಂಬ ಸಮಾಧಾನ ಅದಕ್ಕೆ. ಇದರ ಜೊತೆಗೆ ಹೇಳಬೇಕಾದ ವಿಚಿತ್ರವೊಂದಿದೆ. ಗಾಡಿಯಿಂದಲೇ ಬಳಸುವ ಎ.ಟಿ.ಎಂ. ಯಂತ್ರಗಳ ಗುಂಡಿಗಳ ಮೇಲೆ ಕುರುಡರ ಬ್ರೈಲ್ ಲಿಪಿಯ ಚುಕ್ಕೆಗಳಿರುವುದನ್ನು ಕಂಡು ಅಮೆರಿಕನ್ನರು ನಗುವುದುಂಟು. 1990ರ ಅಂಗವಿಕಲರ ಕಾಯಿದೆಯನ್ನು ಅನುಸರಿಸಿ 1991ರಲ್ಲಿ ಹೊರಟ ನಿಯಮಗಳು ಇಂಥ ಯಂತ್ರಗಳಿಗೆ ಎತ್ತರ ಮತ್ತು ಗಾಲಿಕುರ್ಚಿಯ ಎಡೆಯ ವಿಷಯದಲ್ಲಿ ವಿನಾಯಿತಿ ಕೊಟ್ಟುವು, ದೃಷ್ಟಿಹೀನರ ವಿಷಯದಲ್ಲಿ ಕೊಡಲಿಲ್ಲ. ಟ್ಯಾಕ್ಸಿಯ ಹಿಂದಿನ ಆಸನದಲ್ಲಿ ಕುಳಿತ ಅಂಧನು ತನ್ನ ಕಾರ್ಡನ್ನೂ ಗುಪ್ತಸಂಖ್ಯೆಯನ್ನೂ ಚಾಲಕನಿಗೆ ಒಪ್ಪಿಸದೆ ತಾನೇ ಹಣ ತೆಗೆಯಬಲ್ಲನು. ನಗುವವರು ಚಾಲಕನನ್ನು ಮಾತ್ರ ಗಿರಾಕಿಯೆಂದು ಎಣಿಸಿದ್ದರು. ನಿಯಮ ರಚಿಸಿದವರು ಹಿಂದಿನ ಆಸನವನ್ನೂ ನೋಡಿದ್ದರು.

2020ರ ಮಹಾಮಾರಿಯಲ್ಲಿ ಈ ಪದ್ಧತಿಯ ಗುಣದೋಷಗಳೆರಡೂ ಒಮ್ಮೆಲೇ ಬೆಳಕಿಗೆ ಬಂದುವು. ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ ಗಾಡಿಯೊಳಗಿದ್ದವರ ಗಂಟಲು ದ್ರವವನ್ನು ಪರೀಕ್ಷೆಗೆ ತೆಗೆದುಕೊಳ್ಳುವ ಕೇಂದ್ರ ಆರಂಭವಾಯಿತು. ಇಲ್ಲಿ ಗಾಡಿಯು ಸುಖಸಾಧನವಲ್ಲ, ರೋಗಿಯೊಡನೆ ಬಂದು ರೋಗಿಯೊಡನೆಯೇ ಹೊರಟುಹೋಗುವ ಪ್ರತ್ಯೇಕ ಕೋಣೆ. ಮುಂಬಯಿಯ ದಾದರಿನಲ್ಲಿ 2021ರ ಮೇ 4ರಂದು ವಾಹನ ನಿಲ್ದಾಣವೊಂದರಲ್ಲಿಯೇ ಹಿರಿಯರಿಗೂ ಅಂಗವಿಕಲರಿಗೂ ಗಾಡಿಯಲ್ಲಿ ಕುಳಿತಂತೆಯೇ ಲಸಿಕೆ ಹಾಕತೊಡಗಿದರು. ಬಿಸಿಲಿನ ಸಾಲುಗಳಲ್ಲಿ ವೃದ್ಧರು ಬಸವಳಿಯುತ್ತಿದ್ದ ಆ ದಿನಗಳಲ್ಲಿ ಅದು ದೊಡ್ಡ ನೆಮ್ಮದಿಯಾಗಿತ್ತು. ಅಮೆರಿಕದ ಅನೇಕ ಬ್ಯಾಂಕುಗಳಾದರೋ 2020ರ ಮಾರ್ಚಿನಲ್ಲಿ ಒಳಾಂಗಣಗಳನ್ನು ಮುಚ್ಚಿ ಕಿಟಕಿಗಳನ್ನು ಮಾತ್ರ ತೆರೆದಿರಿಸಿದುವು. ಆ ದೇಶದಲ್ಲಿ ನೂರು ಮನೆಗಳಿಗೆ ಸುಮಾರು ಎಂಟರಲ್ಲಿ ಕಾರಿಲ್ಲ. ಆ ಮನೆಗಳವರಿಗೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ ಎಂಬಂತಾಯಿತು.

ಅದೇ ವರ್ಷದ ಚುನಾವಣೆಯಲ್ಲಿ ಟೆಕ್ಸಾಸಿನ ಹೂಸ್ಟನ್ ಇರುವ ಹ್ಯಾರಿಸ್ ಜಿಲ್ಲೆಯವರು ಹತ್ತು ಕಡೆ ಗುಡಾರಗಳನ್ನು ಹಾಕಿ ಗಾಡಿಯಲ್ಲಿಯೇ ಮತ ಹಾಕುವ ಏರ್ಪಾಡು ಮಾಡಿದರು. ಸುಮಾರು 1,27,000 ಮಂದಿ ಹೀಗೆ ಮತ ಕೊಟ್ಟರು. ಆ ಮತಗಳನ್ನೆಲ್ಲ ರದ್ದುಗೊಳಿಸಬೇಕೆಂಬ ಅರ್ಜಿಯನ್ನು ಫೆಡರಲ್ ನ್ಯಾಯಾಧೀಶರು ನವೆಂಬರ್ 2ರಂದು, ಮತದಾನದ ಮುನ್ನಾದಿನ, ವಜಾ ಮಾಡಿದರು. ಆದರೂ ಗುಡಾರ ಕಾನೂನಿನ ದೃಷ್ಟಿಯಲ್ಲಿ ಕಟ್ಟಡವೋ ಅಲ್ಲವೋ ಎಂಬ ಸಂದೇಹ ಉಳಿದುದರಿಂದ, ಮರುದಿನ ಹತ್ತರಲ್ಲಿ ಒಂಬತ್ತನ್ನು ಅಧಿಕಾರಿಗಳೇ ಮುಚ್ಚಿದರು. ಪ್ಲಾಂಟ್ ಸಿಟಿಯಲ್ಲಿ ಗಾಡಿ ಶಾಖೆಯೇ ಎಂದು ಕೇಳಿದ್ದರು. ಇಲ್ಲಿ ಗುಡಾರ ಮತಗಟ್ಟೆಯೇ ಎಂದು ಕೇಳಿದರು. 2021ರಲ್ಲಿ ಟೆಕ್ಸಾಸಿನ ಶಾಸನಸಭೆ ಹೊಸ ಕಾಯಿದೆ ಮಾಡಿ ಈ ಪದ್ಧತಿಯನ್ನು ನಿಷೇಧಿಸಿತು. ಅಂಗವಿಕಲರಿಗಾಗಿ ಮತಗಟ್ಟೆಯ ಅಧಿಕಾರಿಯೇ ಗಾಡಿಯ ಬಳಿಗೆ ಬರುವ ಹಳೆಯ ಸೌಕರ್ಯವನ್ನು ಉಳಿಸಿತು.

ಕಿಟಕಿಯನ್ನು ಬೇಡವೆಂದ ಊರುಗಳೂ ಉಂಟು. ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊ 1982ರಲ್ಲಿ, ಮಿನಿಯಾಪೊಲಿಸ್ ನಗರವು 2019ರಲ್ಲಿ ಹೊಸ ಡ್ರೈವ್-ಥ್ರೂಗಳನ್ನು ನಿಷೇಧಿಸಿದುವು. ಹಳೆಯವು ಮಿನಿಯಾಪೊಲಿಸಿನಲ್ಲಿ ಉಳಿದುವು. ಅಲ್ಲಿ ಎದ್ದ ಆಕ್ಷೇಪಗಳಲ್ಲಿ ನಿಂತ ಗಾಡಿಗಳ ಹೊಗೆಯದು ಒಂದು, ಕಾಲುದಾರಿಯನ್ನು ಅಡ್ಡಗಟ್ಟಿ ಒಳಹೊಗುವ ಗಾಡಿಗಳಿಂದ ನಡೆಯುವವರಿಗೊದಗುವ ಅಪಾಯದ್ದು ಇನ್ನೊಂದು.